ಮಳೆ ಎಣಿಸುವ ಸರ್ಕ್ಯೂಟು: ಕೀಕ್ಯಾಡ್‌ನಲ್ಲಿ ಮೊದಲ ಸ್ಕೀಮ್ಯಾಟಿಕ್

(ಶಿವಮೊಗ್ಗದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು, ರಿಪೇರಿ ಅಂಗಡಿಯವರು ಮತ್ತು ತೋಟದ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಬಳಸಬೇಕೆಂಬ ಆಸೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದೆ.)

ಇವತ್ತು ನಾವು ಬಿಡಿಸುವುದು ಮಳೆ ಅಳೆಯುವ ಒಂದು ಸರ್ಕ್ಯೂಟು. ಕೀಕ್ಯಾಡ್ ಎಂಬ ಸಾಫ್ಟ್‌ವೇರಿನಲ್ಲಿ ಅದರ ಸ್ಕೀಮ್ಯಾಟಿಕ್, ಅಂದರೆ ಯಾವ ಭಾಗ ಯಾವುದಕ್ಕೆ ಕೂಡಿದೆ ಎಂದು ತೋರಿಸುವ ನಕ್ಷೆ, ಮಾಡೋಣ. ಮಲೆನಾಡಿನಲ್ಲಿ ಕೂತು ಸುಮ್ನೆ ಒಂದು ಎಲ್‌ಇಡಿ ಮಿನುಗಿಸಿ ಎದ್ದು ಹೋಗುವುದು ಬೇಡ ಅನ್ನಿಸಿತು. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಪೆನ್ನಿನಲ್ಲಿ ಮಳೆ ಲೆಕ್ಕ ಬರೆದಿರುತ್ತದೆ, ಅದೂ ಇಂಚಿನಲ್ಲಿ. ಆಗುಂಬೆಯಂಥ ಊರಿನಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟುವುದು ಮಾಮೂಲಿ. ಇಂಚಿನಲ್ಲಿ ಹೇಳುವುದಾದರೆ 275ಕ್ಕಿಂತ ಜಾಸ್ತಿ. ಜುಲೈ ತಿಂಗಳ ಬೆಳಿಗ್ಗೆ ಕೊಡೆ ಹಿಡಿದು, ಉಂಬಳ ಹತ್ತಿಸಿಕೊಂಡು, ಅಳತೆ ಪಾತ್ರೆ ನೋಡಿ ಬರುವ ಕೆಲಸವನ್ನು ಒಂದು ಚಿಪ್ಪಿಗೆ ವಹಿಸಿಬಿಟ್ಟರೆ ಒಳ್ಳೆಯದಲ್ವಾ?

ಯಂತ್ರ ಸರಳವಾದದ್ದು. ಮೇಲೆ ಆಲಿಕೆ, ಅದರ ಕೆಳಗೆ ಬೆನ್ನಿಗೆ ಬೆನ್ನು ಅಂಟಿದ ಎರಡು ಸಣ್ಣ ಬಟ್ಟಲು. ಒಂದು ಬಟ್ಟಲು ತುಂಬಿದ ಕೂಡಲೇ ಮಗುಚುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಮಗುಚುವಾಗ ಅದರ ಬದಿಯ ಚಿಕ್ಕ ಆಯಸ್ಕಾಂತ ಒಂದು ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಸ್ವಿಚ್ಚು ಒಂದು ಕ್ಷಣ ಕೂಡಿ ಬಿಡುತ್ತದೆ. ಹೆಚ್ಚಿನ ಮಾಪಕಗಳಲ್ಲಿ ಒಂದು ಸಲ ಮಗುಚಿದರೆ 0.2 ಮಿಲಿಮೀಟರ್ ಮಳೆ. 127 ಸಲ ಮಗುಚಿದರೆ ಒಂದು ಇಂಚು. ನಮ್ಮ ಸರ್ಕ್ಯೂಟಿಗೆ ಇರುವುದು ಎಣಿಸುವ ಕೆಲಸ ಮಾತ್ರ. ಎಣಿಸಲು ಅಟ್‌ಮೆಗಾ 328ಪಿ ಎಂಬ, ಪ್ರೋಗ್ರಾಂ ಹಾಕಬಹುದಾದ ಚಿಪ್ಪು ಇಟ್ಟುಕೊಳ್ಳೋಣ. ಆರ್ಡುಯಿನೊ ಊನೊ ಬೋರ್ಡಿನ ಮೇಲೆ ಕೂತಿರುವುದು ಇದೇ ಚಿಪ್ಪು, ಹಾಗಾಗಿ ನಿಮಗೆ ಪರಿಚಯ ಇದೆ. ಲೆಕ್ಕ ತೋರಿಸಲು ನಾಲ್ಕು ಪಿನ್ನಿನ ಸಣ್ಣ ಓಎಲ್‌ಇಡಿ ಪರದೆ. ಕರೆಂಟಿಗೆ ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟ್.

ಮುಂದಿನ ಸಾಲಿನಲ್ಲಿ ಕೂತ ರಿಪೇರಿಯವರು ಆಗಲೇ ಕೇಳಿದರು, "ಇಷ್ಟನ್ನು ಹಾಳೆಯ ಮೇಲೆ ಕೈಯಲ್ಲೇ ಬಿಡಿಸಿದರೆ ಆಗಲ್ವಾ ಸರ್?" ಆಗುತ್ತದೆ. ಮೊದಲು ಹಾಳೆಯ ಮೇಲೇ ಬಿಡಿಸಿ, ನಾನೂ ಹಾಗೇ ಮಾಡುವುದು. ಆದರೆ ಹಾಳೆಯ ಮೇಲಿನ ಗೆರೆಗೆ ತಾನು ಯಾವುದನ್ನು ಯಾವುದಕ್ಕೆ ಜೋಡಿಸಿದ್ದೇನೆ ಅಂತ ಗೊತ್ತಿಲ್ಲ. ನೋಡುವವರು ತಿಳಿದುಕೊಳ್ಳಬೇಕು. ಸಾಫ್ಟ್‌ವೇರಿನಲ್ಲಿ ಎಳೆದ ವೈರಿಗೆ ಅದು ಗೊತ್ತು. ಎರಡನೇ ರೆಸಿಸ್ಟರಿನ ಒಂದನೇ ಪಿನ್ನು ಚಿಪ್ಪಿನ ನಾಲ್ಕನೇ ಪಿನ್ನಿಗೆ ಕೂಡಿದೆ ಎಂಬ ಮಾಹಿತಿ ಅಲ್ಲಿ ದಾಖಲಾಗುತ್ತದೆ. ನೀವು ಬೋರ್ಡು ಮಾಡಿಸುವಾಗ ತಾಮ್ರದ ಗೆರೆ ಬರುವುದು ಆ ದಾಖಲೆಯಿಂದ, ಚಿತ್ರದ ಅಂದದಿಂದ ಅಲ್ಲ. ಇದೊಂದು ಮಾತು ತಲೆಯಲ್ಲಿದ್ದರೆ ಮುಂದೆ ನಾನು ಹೇಳುವ ಅರ್ಧ ವಿಷಯ ತಾನಾಗಿ ಅರ್ಥವಾಗುತ್ತದೆ. ಹೊಸಬರಿಗೆ ಬರುವ ಹೆಚ್ಚಿನ ತೊಂದರೆಗಳು ಒಂದೇ ಜಾತಿಯವು: ಕಣ್ಣಿಗೆ ಕೂಡಿದಂತೆ ಕಾಣುತ್ತದೆ, ಫೈಲಿನಲ್ಲಿ ಕೂಡಿರುವುದಿಲ್ಲ.

ಕೈಬರಹದ ಮಾತು ಬಂತು ಅಂತ ಒಂದು ವಿಷಯ. ಹಳೆಯ ವಾಲ್ವ್ ರೇಡಿಯೊ, ಆಮೇಲಿನ ಟ್ರಾನ್ಸಿಸ್ಟರ್ ರೇಡಿಯೊಗಳ ಹಿಂಬದಿ ಮುಚ್ಚಳ ಬಿಚ್ಚಿದರೆ ಎಷ್ಟೋ ಸೆಟ್ಟುಗಳಲ್ಲಿ ಒಳಗೇ ಸರ್ಕ್ಯೂಟ್ ಡಯಾಗ್ರಾಂ ಅಂಟಿಸಿರುತ್ತಿದ್ದರು. ಕಂಪನಿಯೇ ಕೊಟ್ಟದ್ದು. ರಿಪೇರಿ ಕಲಿತವರು ಅದನ್ನು ಓದಿಯೇ ಕಲಿತರು. ಈಗಿನ ಎಲ್‌ಇಡಿ ಬಲ್ಬ್ ಡ್ರೈವರಿಗೋ ಝಟ್ಕಾ ಬೇಲಿಯ ಬೋರ್ಡಿಗೋ ಡಯಾಗ್ರಾಂ ಎಲ್ಲಿ ಸಿಗುತ್ತದೆ ಹೇಳಿ? ಅಂಗಡಿಗೆ ಒಂದೇ ಥರದ ಬೋರ್ಡು ಮತ್ತೆ ಮತ್ತೆ ಬರುತ್ತದಲ್ಲ, ಅದನ್ನು ಒಮ್ಮೆ ಕೂತು ಮಲ್ಟಿಮೀಟರ್ ಹಿಡಿದು ಬಿಡಿಸಿಟ್ಟುಕೊಂಡರೆ ಮುಂದಿನ ಸಲ ಅರ್ಧ ದಿನ ಉಳಿಯುತ್ತದೆ. ಹೊಸದನ್ನು ಕಟ್ಟುವವರಿಗೆ ಮಾತ್ರ ಈ ಸಾಫ್ಟ್‌ವೇರು ಅಂದುಕೊಳ್ಳಬೇಡಿ.

ಈಗ ಯಾವ ಸಾಫ್ಟ್‌ವೇರು ಅನ್ನುವುದು. ನಾನು ತೋರಿಸುವುದು ಕೀಕ್ಯಾಡ್. 1992ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್-ಪಿಯೇರ್ ಶಾರಾ ಎಂಬ ಮೇಷ್ಟ್ರು ಶುರು ಮಾಡಿದ್ದು. ಬಹಳ ವರ್ಷ ಸಣ್ಣದಾಗಿಯೇ ನಡೆಯಿತು. ಆಮೇಲೆ ಜಿನೀವಾದ ಸರ್ನ್ ಪ್ರಯೋಗಾಲಯದ ಎಂಜಿನಿಯರುಗಳು ಕೈ ಜೋಡಿಸಿದ ಮೇಲೆ ಅದರ ದಿಕ್ಕೇ ಬದಲಾಯಿತು. 2019ರಲ್ಲಿ ಲಿನಕ್ಸ್ ಫೌಂಡೇಶನ್ ಅಡಿಗೆ ಬಂತು. ಲೈಸೆನ್ಸು ಜಿಪಿಎಲ್ 3. ನೀವು ಬೋರ್ಡು ಮಾಡಿ ಮಾರಿದರೂ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಎಷ್ಟು ಹಾಳೆ, ಎಷ್ಟು ಅಗಲದ ಬೋರ್ಡು ಎಂಬ ಮಿತಿಯೂ ಇಲ್ಲ.

ಈ ಮಿತಿಯ ಮಾತು ಯಾಕೆ ಅಂದರೆ, ನಮ್ಮಲ್ಲಿ ಹವ್ಯಾಸಕ್ಕೆ ಮಾಡುವವರು ಬಹಳ ಕಾಲ ಬಳಸಿದ್ದು ಈಗಲ್ ಎಂಬ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿ. ಅದರಲ್ಲಿ ಎರಡೇ ಸ್ಕೀಮ್ಯಾಟಿಕ್ ಹಾಳೆ, 80 ಚದರ ಸೆಂಟಿಮೀಟರ್ ಬೋರ್ಡು. ಆ ಕಂಪನಿಯನ್ನು 2016ರಲ್ಲಿ ಆಟೋಡೆಸ್ಕ್ ಕೊಂಡಿತು. 2026ರ ಜೂನ್ 7ಕ್ಕೆ ಈಗಲ್ ಮುಗಿಯಿತು ಅಂತ 2023ರಲ್ಲೇ ಹೇಳಿಬಿಟ್ಟಿತು. ಅವರ ಸಾಮಾನು, ಅವರು ಮುಚ್ಚಿದರು, ತಪ್ಪೇನಿಲ್ಲ. ಆದರೆ ಹತ್ತು ವರ್ಷದ ಫೈಲುಗಳು ನಿಮ್ಮವು. ಹಳೆಯ ಈಗಲ್ ಫೈಲು ಇಟ್ಟುಕೊಂಡವರು ಯಾರಾದರೂ ಇದ್ದರೆ ಕೀಕ್ಯಾಡ್‌ನಲ್ಲಿ ಆಮದು ಮಾಡಿಕೊಳ್ಳಬಹುದು.

ಇನ್ನೊಂದು ಕಾರಣ ಶುದ್ಧ ಮಲೆನಾಡಿನದು. ಬ್ರೌಸರಿನಲ್ಲೇ ಸರ್ಕ್ಯೂಟು ಬಿಡಿಸುವ ಜಾಲತಾಣಗಳಿವೆ, ಚೆನ್ನಾಗಿಯೂ ಇವೆ. ಬೆಂಗಳೂರಿನಲ್ಲಿ ಕೂತವರಿಗೆ ಸರಿ. ಹೊಸನಗರ, ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿದರೆ ಮರ ಬಿದ್ದು ಲೈನು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದರೆ ನೆಟ್ಟೂ ಹೋಗುತ್ತದೆ. ಕೀಕ್ಯಾಡ್ ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಸಾವಿರಾರು ಬಿಡಿಭಾಗಗಳ ಲೈಬ್ರರಿ ಜೊತೆಗೇ ಬರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡಬಹುದು.

ಹಾಕಿಕೊಳ್ಳುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಡೌನ್‌ಲೋಡು ದೊಡ್ಡದು, ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಬೇಡಿ. ಆದರೆ ಆವೃತ್ತಿಯ ವಿಷಯ ಮಾತ್ರ ಗಮನವಿಟ್ಟು ಕೇಳಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯದು ತೆರೆಯುವುದಿಲ್ಲ. ಹಳೆಯದನ್ನು ಹೊಸದು ತೆರೆಯುತ್ತದೆ. ಈಗ ಉಬುಂಟು 22.04 ಹಾಕಿದ ಲ್ಯಾಬ್ ಕಂಪ್ಯೂಟರಿನಲ್ಲಿ ಮಾಮೂಲಿಯಾಗಿ ಇನ್‌ಸ್ಟಾಲ್ ಕೊಟ್ಟರೆ ಬರುವುದು 6ನೇ ಆವೃತ್ತಿ. ನೀವು ಮನೆಯಲ್ಲಿ 2025ರಲ್ಲಿ ಬಂದ 9 ಹಾಕಿಕೊಂಡಿರುತ್ತೀರಿ. ಮನೆಯಲ್ಲಿ ಬಿಡಿಸಿ ಪೆನ್‌ಡ್ರೈವಿನಲ್ಲಿ ತಂದರೆ ಲ್ಯಾಬಿನಲ್ಲಿ ತೆರೆಯುವುದಿಲ್ಲ. ಪ್ರಾಜೆಕ್ಟ್ ವೈವಾ ದಿನ ಇದು ಗೊತ್ತಾಗುವುದು ಬೇಡ. ಒಟ್ಟಿಗೆ ಕೆಲಸ ಮಾಡುವವರೆಲ್ಲ ಒಂದೇ ಆವೃತ್ತಿ ಹಾಕಿಕೊಳ್ಳಿ.

ಸರಿ, ಈಗ ಹೊಸ ಪ್ರಾಜೆಕ್ಟು ತೆರೆದೆ. ಎರಡು ಮುಖ್ಯ ಫೈಲು ಕಾಣುತ್ತವೆ, ಒಂದು ಸ್ಕೀಮ್ಯಾಟಿಕ್, ಒಂದು ಬೋರ್ಡು. ಬೋರ್ಡಿನ ಫೈಲನ್ನು ಇವತ್ತು ಮುಟ್ಟುವುದೇ ಬೇಡ. ಎಲ್ಲರಿಗೂ ಆ ಹಸಿರು ಬೋರ್ಡು ಮೂರು ಆಯಾಮದಲ್ಲಿ ತಿರುಗುವುದನ್ನು ನೋಡುವ ಆತುರ. ಸ್ಕೀಮ್ಯಾಟಿಕ್ ಸರಿಯಿಲ್ಲದೆ ಅಲ್ಲಿಗೆ ಓಡಿದರೆ ಎರಡು ಕಡೆಯೂ ತಿದ್ದುತ್ತಾ ಕೂರಬೇಕಾಗುತ್ತದೆ.

ಕೀಬೋರ್ಡಿನ ಎ ಒತ್ತಿದರೆ ಸಿಂಬಲ್, ಅಂದರೆ ಭಾಗದ ಗುರುತು, ಆರಿಸುವ ಕಿಟಕಿ ಬರುತ್ತದೆ. ರೆಸಿಸ್ಟರ್ ಬೇಕು, ಆರ್ ಅಂತ ಹೊಡೆದಿರಿ. ನೂರಾರು ಬಂದವು. 'ಡಿವೈಸ್' ಎಂಬ ಲೈಬ್ರರಿಯ ಒಳಗೆ ಹೋಗಿ ಆರ್ ಆರಿಸಿದರೆ ಒಂದು ಉದ್ದ ಡಬ್ಬಿ ಕಾಣುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ರೆಸಿಸ್ಟರ್ ಅಂದರೆ ಅಂಕುಡೊಂಕು ಗೆರೆ. ಡಬ್ಬಿ ನೋಡಿ "ಇದು ಫ್ಯೂಸ್ ಅಲ್ವಾ" ಅಂತ ಕೇಳುವವರು ಪ್ರತಿ ಸಲವೂ ಇರುತ್ತಾರೆ. ಡಬ್ಬಿ ಯುರೋಪಿನ ಪದ್ಧತಿ. ಅಂಕುಡೊಂಕೇ ಬೇಕಾದರೆ ಅದೇ ಲೈಬ್ರರಿಯಲ್ಲಿ ಆರ್ ಅಂಡರ್‌ಸ್ಕೋರ್ ಯುಎಸ್ ಅಂತ ಇದೆ. ಯಾವುದಾದರೂ ಸರಿ, ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಬೇಡಿ.

ಬೇಕಾದದ್ದನ್ನೆಲ್ಲ ಮೊದಲು ಹಾಳೆಯ ಮೇಲೆ ತಂದಿಡೋಣ. ಅಟ್‌ಮೆಗಾ ನಡುವೆ. 'ಸ್ವಿಚ್' ಲೈಬ್ರರಿಯಿಂದ ರೀಡ್ ಸ್ವಿಚ್ಚು ಎಡಕ್ಕೆ. ಚಾರ್ಜರಿನ ವೈರಿಗೆ ಎರಡು ಪಿನ್ನಿನ ಕನೆಕ್ಟರು, ಪರದೆಗೆ ನಾಲ್ಕು ಪಿನ್ನಿನದು. ಮೂರು ರೆಸಿಸ್ಟರು, ಮೂರು ಕೆಪ್ಯಾಸಿಟರು. ಆರ್ ಒತ್ತಿದರೆ ಹಿಡಿದ ಭಾಗ ತಿರುಗುತ್ತದೆ. ವಿ ಒತ್ತಿದರೆ ಬೆಲೆ, ಅಂದರೆ ಭಾಗದ ವ್ಯಾಲ್ಯೂ, ಬರೆಯಬಹುದು, 10 ಕೆ, 1 ಕೆ ಅಂತ (ಕೆ ಅಂದರೆ ಸಾವಿರ ಓಮ್). ಇಲ್ಲಿ ಹಳೆಯ ಕಾಲದ ಒಂದು ಜಾಣತನ ಕಲಿಯಿರಿ. 4.7 ಕೆ ಬರೆಯಬೇಕಾದಾಗ 4ಕೆ7 ಅಂತ ಬರೆಯುತ್ತಾರೆ. ಜೆರಾಕ್ಸಿನ ಜೆರಾಕ್ಸ್ ತೆಗೆದಾಗ ಚುಕ್ಕಿ ಅಳಿಸಿಹೋಗಿ 47 ಕೆ ಆಗಬಾರದಲ್ಲ, ಅದಕ್ಕೆ. ಈಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೂ ಚುಕ್ಕಿಯ ಗತಿ ಅದೇ.

ಈಗ ವೈರು. ಡಬ್ಲ್ಯೂ ಒತ್ತಿ, ಪಿನ್ನಿನ ತುದಿಯಿಂದ ಶುರು ಮಾಡಿ. ಯಾವ ಪಿನ್ನಿಗೂ ತುದಿಯಲ್ಲಿ ಒಂದು ಪುಟ್ಟ ಸೊನ್ನೆ ಇದೆ, ನೋಡಿ. ವೈರು ಸರಿಯಾಗಿ ಕೂಡಿದ ಕ್ಷಣ ಆ ಸೊನ್ನೆ ಮಾಯವಾಗುತ್ತದೆ. ಮಾಯವಾಗಲಿಲ್ಲ ಅಂದರೆ ಕೂಡಲಿಲ್ಲ, ನಿಮ್ಮ ಕಣ್ಣು ಏನೇ ಹೇಳಲಿ. ಈ ಸೊನ್ನೆಯನ್ನು ಜಾಸ್ತಿ ಹೊತ್ತು ನೋಡಬೇಕು. ಇಲ್ಲಿ ಹಿಗ್ಗಿಸಿ ತೋರಿಸುತ್ತೇನೆ. ಈ ರೆಸಿಸ್ಟರಿನ ಪಿನ್ನಿಗೆ ವೈರು ತಗುಲಿದಂತೆಯೇ ಇದೆ, ಸೊನ್ನೆಯೂ ಇದೆ. ಇನ್ನೂ ಹಿಗ್ಗಿಸಿದರೆ ಕೂದಲೆಳೆಯಷ್ಟು ಸಂದು. ಇದು ಹೇಗೆ ಆಗುತ್ತದೆ ಗೊತ್ತಾ? ಹಾಳೆಯ ಮೇಲೆ ಚುಕ್ಕಿಗಳ ಗ್ರಿಡ್ ಇದೆ. ಲೈಬ್ರರಿಯ ಸಿಂಬಲ್ಲುಗಳೆಲ್ಲ 50 ಮಿಲ್, ಅಂದರೆ 1.27 ಮಿಲಿಮೀಟರ್ ಗ್ರಿಡ್ಡಿಗೆ ಹೊಂದುವಂತೆ ಮಾಡಿದ್ದು. ಯಾವುದೋ ಅಕ್ಷರವನ್ನು ಚೆಂದ ಕೂರಿಸಲು ಗ್ರಿಡ್ಡನ್ನು ಸಣ್ಣದು ಮಾಡುತ್ತಾರೆ. ಮತ್ತೆ ದೊಡ್ಡದು ಮಾಡದೆ ಒಂದು ರೆಸಿಸ್ಟರು ಇಡುತ್ತಾರೆ. ಅಲ್ಲಿಂದ ಮುಂದೆ ಆ ರೆಸಿಸ್ಟರಿಗೆ ಯಾವ ವೈರೂ ನೆಟ್ಟಗೆ ಸಿಗುವುದಿಲ್ಲ. ಗ್ರಿಡ್ಡನ್ನು 50ರಲ್ಲೇ ಬಿಡಿ. ಹೊಸ ಆವೃತ್ತಿಗಳು ಗ್ರಿಡ್ ತಪ್ಪಿದ ಪಿನ್ನಿಗೆ ಎಚ್ಚರಿಕೆ ಕೊಡುತ್ತವೆ, ಆ ಎಚ್ಚರಿಕೆಯನ್ನು ಅಲಕ್ಷ್ಯ ಮಾಡಬೇಡಿ.

ಇದೇ ಜಾತಿಯ ಇನ್ನೂ ಕೆಲವು ಬೇಗ ಹೇಳಿಬಿಡುತ್ತೇನೆ. ಎರಡು ವೈರು ಒಂದರ ಮೇಲೊಂದು ದಾಟಿದರೆ ಕೂಡುವುದಿಲ್ಲ. ಚುಕ್ಕಿ ಇದ್ದರೆ ಮಾತ್ರ ಕೂಡಿದೆ. ಸುಮ್ನೆ ಗೆರೆ ಎಳೆಯುವ ಸಲಕರಣೆಯೂ ಇದೆ, ಅದು ಅಲಂಕಾರಕ್ಕೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಭಾಗವನ್ನು ಸರಿಸುವಾಗ ಎಂ ಒತ್ತಿದರೆ ವೈರನ್ನು ಬಿಟ್ಟು ಭಾಗ ಮಾತ್ರ ಬರುತ್ತದೆ, ಜಿ ಒತ್ತಿದರೆ ವೈರೂ ಜೊತೆಗೆ ಬರುತ್ತದೆ. ಅನುಮಾನ ಬಂದ ಕಡೆ ಬಲಗಡೆಯ ಪಟ್ಟಿಯಲ್ಲಿರುವ ನೆಟ್ ಹೈಲೈಟ್ (ಇಲ್ಲಿ ನೆಟ್ ಅಂದರೆ ಒಂದಕ್ಕೊಂದು ಕೂಡಿದ ವೈರು, ಪಿನ್ನುಗಳ ಗುಂಪು) ತೆಗೆದುಕೊಂಡು ವೈರಿನ ಮೇಲೆ ಒತ್ತಿ. ಅದಕ್ಕೆ ಕೂಡಿದ್ದೆಲ್ಲ ಹಾಳೆ ತುಂಬ ಹೊಳೆಯುತ್ತದೆ. ರಿಪೇರಿಯವರಿಗೆ ಹೇಳುವುದಾದರೆ ಮಲ್ಟಿಮೀಟರನ್ನು ಬೀಪಿಗೆ ಇಟ್ಟು ತಾಮ್ರದ ಗೆರೆ ಹುಡುಕಿದ ಹಾಗೆ.

ರೀಡ್ ಸ್ವಿಚ್ಚಿನ ಭಾಗ ಬಿಡಿಸೋಣ. ಸ್ವಿಚ್ಚಿನ ಒಂದು ಕಾಲು ಗ್ರೌಂಡಿಗೆ. ಇನ್ನೊಂದು ಕಾಲಿನಿಂದ 10 ಕೆ ರೆಸಿಸ್ಟರು ಮೇಲಕ್ಕೆ 5 ವೋಲ್ಟಿಗೆ. ಅದೇ ಕಾಲಿನಿಂದ 1 ಕೆ ರೆಸಿಸ್ಟರು ಬಲಕ್ಕೆ, ಚಿಪ್ಪಿನ ನಾಲ್ಕನೇ ಪಿನ್ನಿಗೆ. ಆ ಪಿನ್ನಿನ ಬುಡದಲ್ಲಿ 1 ಮೈಕ್ರೊಫ್ಯಾರಡ್ ಕೆಪ್ಯಾಸಿಟರು ಗ್ರೌಂಡಿಗೆ. ಸ್ವಿಚ್ಚು ಕೂಡುವಾಗ ಅದರ ತೆಳು ನಾಲಿಗೆ ಒಂದೆರಡು ಸಲ ಪುಟಿಯುತ್ತದೆ, ಚಿಪ್ಪಿನ ವೇಗಕ್ಕೆ ಅದು ಮೂರು ನಾಲ್ಕು ಮಳೆ ಲೆಕ್ಕವಾಗಿ ಕಾಣುತ್ತದೆ. ಕೆಪ್ಯಾಸಿಟರು ಆ ಪುಟಿತವನ್ನು ನುಂಗುತ್ತದೆ. ಸ್ವಿಚ್ಚು ಬಿಟ್ಟಾಗ ತುಂಬಲು ಸುಮಾರು 11 ಮಿಲಿಸೆಕೆಂಡ್, ಕೂಡಿದಾಗ ಬರಿದಾಗಲು 1 ಮಿಲಿಸೆಕೆಂಡ್. ಬಟ್ಟಲು ಮಗುಚುವ ವೇಗದ ಮುಂದೆ ಇದು ಏನೂ ಅಲ್ಲ. ಹಾಗಾದರೆ ನಡುವೆ 1 ಕೆ ಯಾಕೆ? ಅದಿಲ್ಲದಿದ್ದರೆ ತುಂಬಿದ ಕೆಪ್ಯಾಸಿಟರು ಪ್ರತಿ ಸಲ ಸ್ವಿಚ್ಚಿನ ತುದಿಗಳ ಮೂಲಕ ಒಮ್ಮೆಗೇ ಬರಿದಾಗುತ್ತದೆ, ತುದಿಗಳು ಬೇಗ ಸವೆಯುತ್ತವೆ. ಒಂದು ಮಳೆಗಾಲಕ್ಕೆ ಎಷ್ಟು ಸಾವಿರ ಸಲ ಮಗುಚುತ್ತದೆ, ನೀವೇ ಲೆಕ್ಕ ಹಾಕಿ. 7,000 ಮಿಲಿಮೀಟರ್ ಅಂದರೆ 35,000 ಸಲ.

5 ವೋಲ್ಟ್ ಮತ್ತು ಗ್ರೌಂಡಿಗೆ ಹಾಳೆ ತುಂಬ ವೈರು ಎಳೆಯಬೇಡಿ. ಪಿ ಒತ್ತಿ ಪವರ್ ಸಿಂಬಲ್ ತನ್ನಿ. ಒಂದೇ ಹೆಸರಿನ ಪವರ್ ಸಿಂಬಲ್ಲುಗಳು ಎಲ್ಲಿದ್ದರೂ ಒಂದೇ. ಹೆಸರು ಬೇರೆ ಆದರೆ ಬೇರೆ. ಅಲ್ಲೊಂದು ಕಡೆ ಪ್ಲಸ್ 5ವಿ, ಇಲ್ಲೊಂದು ಕಡೆ ವಿಸಿಸಿ (ಚಿಪ್ಪಿನ ಪವರ್ ಪಿನ್ನಿಗೆ ಇಡುವ ಮಾಮೂಲಿ ಹೆಸರು) ಹಾಕಿದರೆ ನಿಮ್ಮ ಮನಸ್ಸಿನಲ್ಲಿ ಎರಡೂ ಒಂದೇ ಇರಬಹುದು, ಫೈಲಿನಲ್ಲಿ ಅವು ಬೇರೆ ಬೇರೆ. ಪರದೆಗೆ ಹೋಗುವ ಎರಡು ವೈರಿಗೂ ಹೀಗೆ ಹೆಸರು ಕೊಡೋಣ. ಎಲ್ ಒತ್ತಿ ಡೇಟಾ ವೈರಿಗೆ ಎಸ್‌ಡಿಎ, ಕ್ಲಾಕ್ ವೈರಿಗೆ ಎಸ್‌ಸಿಎಲ್ ಎಂದು ಲೇಬಲ್ ಹಾಕಿ. ಚಿಪ್ಪಿನ 27 ಮತ್ತು 28ನೇ ಪಿನ್ನಿಗೆ ಒಂದೊಂದು, ಕನೆಕ್ಟರಿಗೆ ಒಂದೊಂದು. ನಡುವೆ ವೈರು ಬೇಡ. ದೊಡ್ಡಕ್ಷರ ಸಣ್ಣಕ್ಷರ ಬೆರೆಸಿದರೆ ಮಾತ್ರ ಅದೂ ಬೇರೆ ಹೆಸರೇ.

ಈಗ ತಪಾಸಣೆ. ಇಆರ್‌ಸಿ ಎಂಬ ಗುಂಡಿ ಇದೆ, ಎಲೆಕ್ಟ್ರಿಕಲ್ ರೂಲ್ಸ್ ಚೆಕ್. ಒತ್ತಿದೆ. ನೋಡಿ, ಹಾಳೆ ತುಂಬ ಬಾಣಗಳು. ಹೊಸಬರು ಇಲ್ಲಿಗೆ ಬಂದು ಲ್ಯಾಪ್‌ಟಾಪು ಮುಚ್ಚಿ ಎದ್ದು ಹೋಗುತ್ತಾರೆ. ಗಾಬರಿ ಬೇಡ, ಒಂದೊಂದೇ ಓದೋಣ. ಹತ್ತಿರ ಹತ್ತಿರ 20 ದೂರು ಒಂದೇ ಮಾತು ಹೇಳುತ್ತಿವೆ: ಈ ಪಿನ್ನಿಗೆ ಏನೂ ಕೂಡಿಲ್ಲ. ಚಿಪ್ಪಿಗೆ 28 ಕಾಲು, ನಾವು ಬಳಸಿದ್ದು ಎಂಟು. ಮಿಕ್ಕವನ್ನು ಬೇಕೆಂದೇ ಬಿಟ್ಟಿದ್ದೇವೆ ಅಂತ ಸಾಫ್ಟ್‌ವೇರಿಗೆ ಹೇಳಬೇಕು. ಕ್ಯೂ ಒತ್ತಿದರೆ ಇಂಟು ಗುರುತು ಬರುತ್ತದೆ, ಖಾಲಿ ಪಿನ್ನಿನ ಮೇಲೆಲ್ಲ ಇಡಿ. ಬೇಸರದ ಕೆಲಸ ನಿಜ. ಆದರೆ ಇಡುತ್ತಾ ಹೋಗುವಾಗಲೇ "ಅರೆ, ಎವಿಸಿಸಿಗೆ ಕೊಟ್ಟಿಲ್ಲವಲ್ಲ" ಅಂತ ಕಣ್ಣಿಗೆ ಬೀಳುತ್ತದೆ. ಎವಿಸಿಸಿ ಅಂದರೆ ಚಿಪ್ಪಿನ ಅನಲಾಗ್ ಭಾಗದ ಪವರ್ ಪಿನ್ನು. ಅನಲಾಗ್ ಬಳಸದಿದ್ದರೂ ಆ ಪಿನ್ನಿಗೆ 5 ವೋಲ್ಟ್ ಕೊಡಲೇಬೇಕು.

ಉಳಿದ ಎರಡು ದೂರು ವಿಚಿತ್ರವಾಗಿವೆ. ಚಿಪ್ಪಿನ ಪವರ್ ಪಿನ್ನಿಗೆ ಯಾರೂ ಕರೆಂಟು ಕೊಡುತ್ತಿಲ್ಲ ಅನ್ನುತ್ತದೆ. ಕೊಟ್ಟಿದ್ದೇವಲ್ಲ, ಕಣ್ಣಿಗೆ ಕಾಣುತ್ತಿದೆಯಲ್ಲ! ಇದು ಕೀಕ್ಯಾಡ್ ಕಲಿಯುವ ಪ್ರತಿಯೊಬ್ಬರೂ ಎಡವುವ ಜಾಗ. ಪ್ರತಿ ಪಿನ್ನಿಗೂ ಒಂದು ಜಾತಿ ಇದೆ. ಇನ್‌ಪುಟ್, ಔಟ್‌ಪುಟ್, ಪವರ್ ತೆಗೆದುಕೊಳ್ಳುವುದು, ಪವರ್ ಕೊಡುವುದು, ಯಾವುದೂ ಅಲ್ಲದ ಪ್ಯಾಸಿವ್. ಅಟ್‌ಮೆಗಾದ ವಿಸಿಸಿ ಪವರ್ ತೆಗೆದುಕೊಳ್ಳುವ ಪಿನ್ನು. ಕನೆಕ್ಟರಿನ ಪಿನ್ನು ಪ್ಯಾಸಿವ್. ಅದರ ಆ ಕಡೆ ಚಾರ್ಜರು ಇದೆ ಅಂತ ನಿಮಗೆ ಗೊತ್ತು, ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಪವರ್ ಫ್ಲ್ಯಾಗ್ ಎಂಬ ಸಿಂಬಲ್ ಇದೆ. ಒಂದನ್ನು 5 ವೋಲ್ಟಿನ ವೈರಿಗೆ, ಒಂದನ್ನು ಗ್ರೌಂಡಿಗೆ ಅಂಟಿಸಿ. "ಇಲ್ಲಿ ಹೊರಗಿನಿಂದ ಕರೆಂಟು ಬರುತ್ತದೆ" ಎಂದು ಹೇಳಿದಂತೆ ಆಯಿತು. ಬೋರ್ಡಿನ ಮೇಲೆ ಅದು ಯಾವ ಭಾಗವೂ ಅಲ್ಲ. ಮತ್ತೆ ಒತ್ತಿದೆ, ಸೊನ್ನೆ ದೂರು.

ಸೊನ್ನೆ ಬಂತು ಅಂತ ಬೋರ್ಡಿಗೆ ಹಾರಬೇಡಿ. ಈ ತಪಾಸಣೆಗೆ ಜೋಡಣೆ ಗೊತ್ತು, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. 10 ಕೆ ಬದಲು 10 ಓಮ್ ಬರೆದರೂ ಒಪ್ಪುತ್ತದೆ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರನ್ನು ತಿರುಗುಮುರುಗು ಇಟ್ಟರೂ ಒಪ್ಪುತ್ತದೆ. ಚಿಪ್ಪಿನ ಪವರ್ ಪಿನ್ನಿನ ಪಕ್ಕ 100 ನ್ಯಾನೊಫ್ಯಾರಡ್ ಕೆಪ್ಯಾಸಿಟರು ಮರೆತರೂ ಕೇಳುವುದಿಲ್ಲ. ಓಎಲ್‌ಇಡಿ ಪರದೆಗಳಲ್ಲಿ ಕೆಲವಕ್ಕೆ ಮೊದಲ ಪಿನ್ನು ಗ್ರೌಂಡು, ಕೆಲವಕ್ಕೆ ವಿಸಿಸಿ. ನೋಡಲು ಎರಡೂ ಒಂದೇ ಥರ. ನಿಮ್ಮ ಕೈಯಲ್ಲಿರುವ ಪರದೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಕನೆಕ್ಟರು ಬಿಡಿಸಿ.

ಸಿಡಿಲಿನ ವಿಷಯವಂತೂ ಅದಕ್ಕೆ ಗೊತ್ತೇ ಇಲ್ಲ. ಮಾಪಕ ಅಂಗಳದ ಆ ತುದಿಯಲ್ಲಿ, ಬೋರ್ಡು ಜಗಲಿಯಲ್ಲಿ, ನಡುವೆ ಉದ್ದ ಕೇಬಲ್. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಆ ಕೇಬಲ್ಲೇ ಆಂಟೆನಾ. ಸ್ಕೀಮ್ಯಾಟಿಕ್‌ನಲ್ಲಿ ಅದು ಒಂದು ಇಂಚಿನ ಗೆರೆಯಾಗಿ ಕಾಣುವುದರಿಂದ ಯಾರಿಗೂ ನೆನಪಾಗುವುದಿಲ್ಲ. ಕೇಬಲ್ ಒಳಗೆ ಬರುವ ಕಡೆ ಒಂದು ಟಿವಿಎಸ್ ಡಯೋಡು, ಅಂದರೆ ದಿಢೀರನೆ ಏರುವ ವೋಲ್ಟೇಜನ್ನು ತಡೆಯುವ ಡಯೋಡು, ಹಾಕಿ. ಹತ್ತಿರದ ಸಿಡಿಲಿನಿಂದ ಬರುವ ಶಾಕು ಎಷ್ಟೋ ಸಲ ಅದರಲ್ಲೇ ಮುಗಿಯುತ್ತದೆ. ನೇರ ಹೊಡೆದರೆ ಯಾವ ಡಯೋಡೂ ಉಳಿಸುವುದಿಲ್ಲ. ಗುಡುಗು ಹತ್ತಿರ ಬರುವ ಮೊದಲೇ ಟಿವಿ ಪ್ಲಗ್ಗು ಕೀಳುತ್ತೀರಲ್ಲ, ಇದನ್ನೂ ಕಿತ್ತಿಡಿ. ನಾನು ಹಾಳೆಯ ಮೇಲೆ ಉದ್ದ ಕೇಬಲ್ ಇರುವ ಕಡೆಯೆಲ್ಲ "20 ಮೀಟರ್, ಹೊರಗೆ" ಅಂತ ಅಕ್ಷರದಲ್ಲಿ ಬರೆದುಬಿಡುತ್ತೇನೆ.

ಎಲ್ಲ ಆದ ಮೇಲೆ ಎ4 ಹಾಳೆಯಲ್ಲಿ ಪ್ರಿಂಟು ತೆಗೆಯಿರಿ. ಬಣ್ಣದ ಹೈಲೈಟರ್ ಹಿಡಿದು ಒಂದೊಂದೇ ವೈರಿನ ಮೇಲೆ ಎಳೆಯುತ್ತಾ ಹೋಗಿ, ಪಕ್ಕದಲ್ಲಿ ಚಿಪ್ಪಿನ ಡೇಟಾಶೀಟು ಇರಲಿ. ಪರದೆಯ ಮೇಲೆ ಹತ್ತು ಸಲ ನೋಡಿದರೂ ಕಾಣದ್ದು ಕಾಗದದ ಮೇಲೆ ಕಾಣುತ್ತದೆ. ಕಾರಣ ಕೇಳಬೇಡಿ, ಮಾಡಿ ನೋಡಿ.

ಫುಟ್‌ಪ್ರಿಂಟಿನ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಸಿಂಬಲ್ ಅಂದರೆ ಭಾಗದ ಗುರುತು. ಫುಟ್‌ಪ್ರಿಂಟ್ ಅಂದರೆ ಬೋರ್ಡಿನ ಮೇಲೆ ಅದು ಕೂರುವ ಜಾಗ, ತೂತುಗಳ ಅಂತರ. ಕೀಕ್ಯಾಡ್ ಎರಡನ್ನೂ ಬೇರೆ ಇಟ್ಟಿದೆ. ಒಂದೇ ರೆಸಿಸ್ಟರು ಸಿಂಬಲ್ಲಿಗೆ ಕಾಲಿರುವ ಹಳೆಯ ಮಾದರಿಯನ್ನೂ ಕೊಡಬಹುದು, ತೂತಿಲ್ಲದೆ ಬೋರ್ಡಿನ ಮೇಲೇ ಬೆಸೆಯುವ, ಅಕ್ಕಿಕಾಳಿಗಿಂತ ಸಣ್ಣ ಎಸ್‌ಎಂಡಿಯನ್ನೂ ಕೊಡಬಹುದು. ಏನು ಕೊಡಬೇಕು ಅನ್ನುವುದು ನಿಮಗೆ ಏನು ಸಿಗುತ್ತದೆ ಅನ್ನುವುದರ ಮೇಲೆ. ಸಾಮಾನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಸ್ಸಿನಲ್ಲಿ ಪಾರ್ಸಲ್ ಬರಬೇಕಾದ ಊರು ನಮ್ಮದು. ಮೊದಲು ಸಾಮಾನು ಕೈಗೆ ಬರಲಿ, ಆಮೇಲೆ ಫುಟ್‌ಪ್ರಿಂಟ್ ಹಾಕಿ. ಅಟ್‌ಮೆಗಾ 328ಪಿಗೆ ಎರಡು ಸಾಲಿನ ಕಾಲುಗಳ ನಡುವೆ 7.62 ಮಿಲಿಮೀಟರ್. ಅದೇ 28 ಕಾಲಿನ 15.24ರ ಅಗಲ ಫುಟ್‌ಪ್ರಿಂಟೂ ಪಟ್ಟಿಯಲ್ಲಿದೆ, ಕಣ್ಣು ತಪ್ಪಿ ಅದನ್ನು ಒತ್ತಿದರೆ ಚಿಪ್ಪು ಕೂರುವುದೇ ಇಲ್ಲ. ಮುಂದೆ ಟ್ರಾನ್ಸಿಸ್ಟರು ಬಳಸುವಾಗಲೂ ಎಚ್ಚರ. ಚಪ್ಪಟೆ ಮುಖ ನಿಮ್ಮ ಕಡೆ ಹಿಡಿದರೆ ಬಿಸಿ 547ಕ್ಕೆ (BC547) ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904ಕ್ಕೆ ಪೂರ್ತಿ ಉಲ್ಟಾ. ಒಂದು ಸಿಗಲಿಲ್ಲ ಅಂತ ಇನ್ನೊಂದನ್ನು ಹಾಕುವಾಗ ಸಿಂಬಲ್ಲನ್ನೂ ಬದಲಿಸಿ.

ಕೊನೆಗೆ ಬಂದ ಎರಡು ಪ್ರಶ್ನೆ. ಮೋಟಾರು ಸ್ಟಾರ್ಟರ್, ಮೂರು ಫೇಸಿನ ಪ್ಯಾನೆಲ್ ಡ್ರಾಯಿಂಗು ಇದರಲ್ಲಿ ಮಾಡಬಹುದಾ ಅಂತ ಒಬ್ಬರು ಕೇಳಿದರು. ಒದ್ದಾಡಿ ಮಾಡಬಹುದು, ಆದರೆ ಬೇಡ. ಅದಕ್ಕೆಂದೇ ಕ್ಯೂಎಲೆಕ್ಟ್ರೊಟೆಕ್ ಇದೆ, ಅದೂ ಪುಕ್ಕಟೆ, ಮುಕ್ತ. ಕಾಂಟ್ಯಾಕ್ಟರು, ಓವರ್‌ಲೋಡ್ ರಿಲೇ ಎಲ್ಲ ಅದರಲ್ಲಿ ಸಿದ್ಧವಾಗಿ ಸಿಗುತ್ತವೆ. ಇನ್ನೊಬ್ಬರು, ಕಟ್ಟುವ ಮೊದಲೇ ಓಡಿಸಿ ನೋಡಬಹುದಾ ಅಂದರು. ಕೀಕ್ಯಾಡ್ ಜೊತೆ ಎನ್‌ಜಿಸ್ಪೈಸ್ ಎಂಬ ಸಿಮ್ಯುಲೇಟರ್ ಬರುತ್ತದೆ. ನಮ್ಮ 10 ಕೆ, 1 ಕೆ, 1 ಮೈಕ್ರೊಫ್ಯಾರಡ್ ಭಾಗವನ್ನು ಅದರಲ್ಲಿ ಓಡಿಸಿ ಆ 11 ಮಿಲಿಸೆಕೆಂಡನ್ನು ಗೆರೆಯಾಗಿ ನೋಡಬಹುದು. ಅಟ್‌ಮೆಗಾದ ಒಳಗಿನ ಪ್ರೋಗ್ರಾಂ ಮಾತ್ರ ಅಲ್ಲಿ ಓಡುವುದಿಲ್ಲ.

ಫೈಲುಗಳನ್ನು ಒಯ್ಯುವಾಗ ಸ್ಕೀಮ್ಯಾಟಿಕ್ ಒಂದನ್ನೇ ಕಾಪಿ ಮಾಡಬೇಡಿ, ಪ್ರಾಜೆಕ್ಟಿನ ಇಡೀ ಫೋಲ್ಡರ್ ತೆಗೆದುಕೊಳ್ಳಿ. ಬಳಸಿದ ಸಿಂಬಲ್ಲುಗಳ ನಕಲು ಸ್ಕೀಮ್ಯಾಟಿಕ್‌ನ ಒಳಗೇ ಇರುತ್ತದೆ, ಹಾಗಾಗಿ ಲೈಬ್ರರಿ ಕಳಿಸಬೇಕಿಲ್ಲ. ಕೆಲಸದ ನಡುವೆ ಕರೆಂಟು ಹೋಗಿ ಫೈಲು ಕೆಟ್ಟರೆ ಅದೇ ಫೋಲ್ಡರಿನಲ್ಲಿ ಬ್ಯಾಕಪ್ಸ್ ಎಂಬ ಇನ್ನೊಂದು ಫೋಲ್ಡರ್ ಹುಡುಕಿ, ಹಿಂದಿನ ಪ್ರತಿಗಳು ಜಿಪ್ ಆಗಿ ಕೂತಿರುತ್ತವೆ. ಮೂರು ಆಪರೇಟಿಂಗ್ ಸಿಸ್ಟಮ್ಮಿನ ಇನ್‌ಸ್ಟಾಲರೂ ಇವತ್ತು ಬಿಡಿಸಿದ ಮಳೆ ಮಾಪಕದ ಫೋಲ್ಡರೂ ಈ ಲ್ಯಾಪ್‌ಟಾಪಿನಲ್ಲಿವೆ. ಪೆನ್‌ಡ್ರೈವ್ ತಂದವರು ಸಾಲಾಗಿ ಬನ್ನಿ. ಸಾಗರದ ಬಸ್ಸು ಹಿಡಿಯುವವರಿಗೆ ಮೊದಲು ಬಿಡಿ.